ಲೆದರ್ ಅಂತಾರ, ಅಷ್ಟ

ಕಾರಿನ ಮುಂದಿನ ಗಾಜಿನ ಬುಡದಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಡ್ಯಾಶ್‌ಬೋರ್ಡಿನ ಹೊದಿಕೆ ಗಾಜಿನ ಕಡೆಯಿಂದ ನಮ್ಮ ಕಡೆಗೆ ಸರಿದು, ಒಣಗಿದ ಹಪ್ಪಳದ ಅಂಚಿನಂತೆ ಮೇಲಕ್ಕೆ ಎದ್ದಿತ್ತು. ನಡುವೆ ಗಾಳಿ ಬರುವ ಜಾಲರಿಯ ಎರಡೂ ಬದಿಗೆ ಗುಳ್ಳೆಗಳು. ಒತ್ತಿದರೆ ಕುಗ್ಗಿ, ಕೈ ತೆಗೆದ ಕೂಡಲೇ ಮತ್ತೆ ಉಬ್ಬುತ್ತಿದ್ದವು.

ನಮ್ಮ ಮನೆಯವರು ತೀರಿಕೊಂಡ ಮೇಲೆ ಆ ಕಾರನ್ನು ಯಾರೂ ಓಡಿಸಿರಲಿಲ್ಲ. ಅನಗೋಳದ ನಮ್ಮ ಮನೆಯ ಮುಂದೆ ಪಶ್ಚಿಮಕ್ಕೆ ಮುಖ ಮಾಡಿ, ಆ ಚಳಿಗಾಲದಿಂದ ಮಳೆ ಮುಗಿಯುವವರೆಗೆ ನಿಂತಿತ್ತು. ಬೇಸಿಗೆಯ ಮಧ್ಯಾಹ್ನದ ಬಿಸಿಲೆಲ್ಲ ಗಾಜಿನ ಮೇಲೇ. ಅವರು ಇದ್ದಾಗ ಉದ್ಯಮಬಾಗದ ಫೌಂಡ್ರಿಯಿಂದ ಬಂದು ಕಾರು ನಿಲ್ಲಿಸಿದ ಕೂಡಲೇ ಒಂದು ಹಳೆಯ ಟವೆಲ್ಲನ್ನು ಡ್ಯಾಶ್‌ಬೋರ್ಡಿನ ಮೇಲೆ ಹಾಸುತ್ತಿದ್ದರು. ಅವರು ಹೋದ ದಿನ ಆ ಟವೆಲ್ಲನ್ನು ಯಾರೋ ಯಾವುದಕ್ಕೋ ಒಯ್ದರು. ಮತ್ತೆ ಹಾಸಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಗ ಹೊಳೆಯದೆ ಹೋದದ್ದು ಅದೊಂದೇ ಅಲ್ಲ.

ಮಳೆ ಹಿಂದಾದ ಮೇಲೆ ಅತ್ತೆ ಕಾರಿನ ಮಾತು ತೆಗೆದರು. ವರ್ಷ ತುಂಬುವ ಮೊದಲು ಖಾನಾಪುರ ದಾಟಿ, ಬೀಡಿ ಎಂಬ ಊರಿನ ಕಡೆಯ ನಮ್ಮ ಹಳ್ಳಿಯ ಬಸದಿಯಲ್ಲಿ ಮಗನ ಹೆಸರಿನಲ್ಲಿ ಶಾಂತಿಪೂಜೆ ಮಾಡಿಸಬೇಕು ಎಂಬುದು ಅವರ ಆಸೆ. ಮೊಣಕಾಲು ಮಡಚಲು ಬರುತ್ತಿರಲಿಲ್ಲವಾದ್ದರಿಂದ ಬಸ್ಸು ಹತ್ತುವಂತಿರಲಿಲ್ಲ. ಕಾರಿನಲ್ಲಿ ಕೂಡ, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮಾತ್ರ ಕೂರಲು ಆಗುತ್ತಿತ್ತು. ಬಾಡಿಗೆ ಜೀಪು ಮಾಡೋಣ ಎಂದೆ. ಮಗನ ಗಾಡಿ ಬಾಗಿಲ ಮುಂದೆ ಇರುವಾಗ ಮಂದಿಯ ಗಾಡಿಯಲ್ಲಿ ಹೋಗುವುದಿಲ್ಲ ಎಂದರು. ಕಾರು ಓಡಿಸುವುದನ್ನು ನಮ್ಮ ಮನೆಯವರು ನನಗೆ ಕಲಿಸಿದ್ದರು. ಊರೊಳಗೆ ಓಡಿಸಿದ್ದೆ, ಖಾನಾಪುರದವರೆಗೆ ಓಡಿಸಿರಲಿಲ್ಲ. ಹೂಂ ಎಂದೆ.

ಹೊರಡುವ ಮೊದಲು ಈ ಗುಳ್ಳೆಗಳನ್ನು ತೋರಿಸಿಬರೋಣವೆಂದು ಕಾರು ಕೊಂಡಿದ್ದ ಶೋರೂಮಿನ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿಯವರೇ ಡ್ಯಾಶ್‌ಬೋರ್ಡಿಗೆ ಹೊದಿಕೆ ಹಾಕಿಸಿ, ಅದಕ್ಕೂ ವಾರಂಟಿ ಕೊಟ್ಟಿದ್ದರು. ಸೂಪರ್‌ವೈಸರ್ ಬಾಗಿ ನೋಡಿದ. ವಾರಂಟಿ ಮುಗಿದಿದೆ ಎಂದ. ಪುಣೆಯಿಂದ ಇಡೀ ಬೋರ್ಡು ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದ. ಆಮೇಲೆ ಗುಳ್ಳೆಯೊಂದನ್ನು ಹೆಬ್ಬೆರಳಿನಿಂದ ಒತ್ತುತ್ತ, ನನಗೆ ಸಮಾಧಾನ ಹೇಳುವವನಂತೆ ಇನ್ನೊಂದು ಮಾತು ಸೇರಿಸಿದ.

"ಅಸಲಿ ಲೆದರ್ ನೋಡ್ರಿ ಮೇಡಂ, ಅದಕ್ಕ ಹಿಂಗ ಸೆಳಕೊಂಡದ. ರೆಕ್ಸಿನ್ ಇದ್ದಿದ್ರ ಸೀಳತಿತ್ತು."

ರೆಕ್ಸಿನ್ ಅಲ್ಲವೇ ಎಂದು ಕೇಳಿದೆ. ಅವನಿಗೆ ಅವಮಾನವಾದಂತಾಯಿತು. ಕೊಳ್ಳುವವರಿಗೆ ಹೇಳಿಯೇ ಕೊಡುತ್ತೇವೆ, ಲೆದರ್ ಎಂದೇ ಹೇಳಿರುತ್ತೇವೆ ಎಂದ.

ನಾವು ಜೈನರು. ನಮ್ಮ ಮನೆಯಲ್ಲಿ ಚರ್ಮದ ವಸ್ತು ಒಂದೂ ಇರಲಿಲ್ಲ. ನಮ್ಮ ಮನೆಯವರ ಬೆಲ್ಟು ಬಟ್ಟೆಯದು, ಗಡಿಯಾರದ ಪಟ್ಟಿ ಸ್ಟೀಲಿನದು. ಯಾರಾದರೂ ನೆಂಟರು ಚರ್ಮದ ಪಾಕೀಟು ಇಟ್ಟುಕೊಂಡು ಬಂದರೆ ಅತ್ತೆ ಅದನ್ನು ಹೊರಗಿನ ಕಟ್ಟೆಯ ಮೇಲೆ ಇಡಿಸುತ್ತಿದ್ದರು. ನಗುತ್ತಲೇ ಇಡಿಸುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ. ಕಾರು ಮನೆಗೆ ಬಂದ ದಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಂದಿನ ಸೀಟಿನಲ್ಲಿ ಕುಳಿತು ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಸವರಿ, ಇದು ಯಾತರದು, ಇಷ್ಟು ಮೆತ್ತಗಿದೆಯಲ್ಲ ಎಂದು ಮಗನನ್ನು ಕೇಳಿದ್ದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಅವರು ಕೀಲಿ ತಿರುಗಿಸುತ್ತ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೆಯೇ ಇದೆ.

"ರೆಕ್ಸಿನ್ ಅವ್ವಾ. ಲೆದರ್ ಅಂತಾರ, ಅಷ್ಟ."

ಆ ಮಾತಿನಲ್ಲಿ ಸುಳ್ಳೇನೂ ಕಾಣುವಂತಿರಲಿಲ್ಲ. ನಮ್ಮ ಕಡೆ ಎಲ್ಲರೂ ರೆಕ್ಸಿನ್ನನ್ನೇ ಲೆದರ್ ಎನ್ನುತ್ತಾರೆ. ನಮ್ಮ ಪಡಸಾಲೆಯಲ್ಲಿದ್ದ ಸೋಫಾ ರೆಕ್ಸಿನ್ನಿನದು, ಕರೆಯುತ್ತಿದ್ದದ್ದು ಲೆದರ್ ಸೋಫಾ ಎಂದು. ಅವರು ಆಫೀಸಿಗೆ ಒಯ್ಯುತ್ತಿದ್ದ ಚೀಲವೂ ಹಾಗೆಯೇ. ಲೆದರ್ ಬ್ಯಾಗ್ ಕೊಡು ಎಂದು ಒಳಗೆ ಕೂಗುತ್ತಿದ್ದರು, ಅತ್ತೆಯೇ ತಂದು ಕೊಡುತ್ತಿದ್ದರು. ಶೋರೂಮಿನವರು ಲೆದರ್ ಎಂದಾಗ ಇವರು ಸೋಫಾದಂಥದ್ದು ಎಂದುಕೊಂಡಿರಬಹುದು. ಅಥವಾ ತಿಳಿದೇ, ತಾಯಿ ಕೂರಲಿ ಎಂದು ಹಾಗೆ ಹೇಳಿರಬಹುದು. ಅವರು ಇದ್ದಿದ್ದರೆ ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು.

ಕಾರು ಬಂದ ದಿನದಿಂದ ಅತ್ತೆ ಬಸದಿಗೆ ಹೋಗುವಾಗಲೆಲ್ಲ ಪೂಜೆಯ ಸಾಮಾನಿನ ಚೀಲವನ್ನು ಆ ಡ್ಯಾಶ್‌ಬೋರ್ಡಿನ ಮೇಲೆಯೇ ಇಡುತ್ತಿದ್ದರು. ಅಕ್ಕಿ, ಕಾಯಿ, ಗಂಧ ಎಲ್ಲ ಅದರಲ್ಲಿ. ಬರುವಾಗ ಅಭಿಷೇಕದ ಗಂಧೋದಕದ ಸಣ್ಣ ಬಾಟಲಿಯನ್ನೂ ಅಲ್ಲಿಯೇ. ಕಾಲ ಬಳಿ ಇಡಬಾರದೆಂದು.

ವರ್ಕ್‌ಶಾಪಿನಿಂದ ಮನೆಗೆ ಬರುವಾಗ ಕಾರಿನೊಳಗಿನ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ಮನೆಯವರು ಹೋದ ಮೇಲೆ ಎಷ್ಟೋ ಸಲ ನಾನು ಸುಮ್ಮನೆ ಆ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಎದ್ದು ಬಂದಿದ್ದೆ. ಅಂಗಿ, ಹಾಸಿಗೆ ಎಲ್ಲವನ್ನೂ ಒಗೆದಾಗಿತ್ತು, ಅವರ ವಾಸನೆ ಉಳಿದಿರುವುದು ಅಲ್ಲಿ ಮಾತ್ರ ಎಂದು ತಿಳಿದಿದ್ದೆ. ಅದು ಅವರದಲ್ಲ, ಯಾವುದೋ ಎಮ್ಮೆಯ ಚರ್ಮದ್ದು ಎಂದು ಆ ದಿನ ಗೊತ್ತಾಯಿತು. ಗಾಜು ಇಳಿಸಿಕೊಂಡು ಮನೆಗೆ ಬಂದೆ.

ಏನಂದರು ಎಂದು ಅತ್ತೆ ಕೇಳಿದರು. ಪುಣೆಯಿಂದ ಬರಬೇಕಂತೆ, ತಡವಾಗುತ್ತದಂತೆ ಎಂದಷ್ಟೇ ಹೇಳಿದೆ. ಗುಳ್ಳೆ ಇದ್ದರೆ ಇರಲಿ, ಗಾಡಿ ಓಡುತ್ತದಲ್ಲ ಎಂದರು ಅವರು. ಮಗನ ಹೆಸರಿನ ಪೂಜೆಯ ಸಾಮಾನನ್ನು ಅವರು ಆ ಚರ್ಮದ ಮೇಲೆ ಇಟ್ಟುಕೊಂಡು ಹೋಗುತ್ತಾರೆ, ನಾನು ಪಕ್ಕದಲ್ಲಿ ಕೂತು ನೋಡಬೇಕು. ಹೇಳಿದರೆ ಅವರು ಆ ಕಾರು ಹತ್ತುವುದಿಲ್ಲ. ಹತ್ತದಿದ್ದರೆ ಹೋಗಲಿ. ಮಗ ಸುಳ್ಳು ಹೇಳಿ ಇಷ್ಟು ದಿನ ತನ್ನಿಂದ ಇದನ್ನು ಮಾಡಿಸಿದ ಎಂದು ಅವರಿಗೆ ಅನ್ನಿಸಿದರೆ? ಸತ್ತವರ ಮೇಲೆ ಸಿಟ್ಟಾದರೆ ಆ ಸಿಟ್ಟು ಯಾರ ಹತ್ತಿರ ಹೋಗಿ ಇಳಿಯಬೇಕು?

ಕಾರು ತರಲು ನಮ್ಮ ಮನೆಯವರ ಜೊತೆ ಹೋಗಿದ್ದ ಫೌಂಡ್ರಿಯ ಗೆಳೆಯರೊಬ್ಬರ ಮನೆಗೆ ಹೋಗಿ, ಸುತ್ತಿ ಬಳಸಿ ಕೇಳಿದೆ. ಅವರು ನೆನಪು ಮಾಡಿಕೊಂಡರು. ಬಣ್ಣದ ವಿಚಾರ ಬಹಳ ಹೊತ್ತು ಮಾತಾಯಿತು, ಡ್ಯಾಶ್‌ಬೋರ್ಡಿಗೆ ಬಂದಾಗ ಶೋರೂಮಿನವರು ಲೆದರ್ ಅಂದರು, ಇವರು ಹೂಂ ಅಂದರು, ಅಷ್ಟೇ ಎಂದರು. ಯಾವ ತರಹದ ಹೂಂ ಎಂದು ಹೇಗೆ ಕೇಳುವುದು? ಚಹಾ ಕುಡಿದು ಎದ್ದೆ. ಬಾಗಿಲಿನವರೆಗೆ ಬಂದು ಅವರು, ಖಾನಾಪುರದಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಕುಶನ್ ಕೆಲಸದವನಿದ್ದಾನೆ, ಬೋರ್ಡು ಪೂರ್ತಿ ಬಿಚ್ಚದೆ ಅಲ್ಲಿಯೇ ಹೊದಿಸಿ ಕೊಡುತ್ತಾನೆ ಎಂದರು.

ಮೊದಲು ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಅವನನ್ನು ಕಂಡೆ. ಜೀಪು, ಲಾರಿಗಳ ಸೀಟು ಹೊಲಿಯುವ ಅಂಗಡಿ. ಎಲ್ಲರೂ ಮಾಮಾ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಆತ ನನ್ನನ್ನು ವೈನಿ ಎಂದರು, ಅಣ್ಣನ ಹೆಂಡತಿಯನ್ನು ಕರೆಯುವಂತೆ. ಹೊದಿಕೆ ಗಾಜಿನಿಂದ ಎಷ್ಟು ಸರಿದಿದೆ ಎಂದು ಕೈಯಲ್ಲಿ ತೋರಿಸಿದೆ. ಮಾಮಾ ತಮ್ಮ ಬೋಳು ಹಣೆಯನ್ನು ಸವರಿಕೊಂಡು, "ನನ್ನ ತಲಿಗತೆ ಆಗೇತಿ ಬಿಡ್ರಿ ವೈನಿ, ಮುಂದಿಂದ ಹಿಂದಕ್ಕ ಹೊಂಟೇತಿ" ಎಂದರು. ಗುಳ್ಳೆಯಾದರೆ ಸೂಜಿಯಿಂದ ಸಲೂಷನ್ ಎಂಬ ಅಂಟು ಬಿಟ್ಟು ಒತ್ತಿ ಕೂರಿಸಬಹುದು, ಸೆಳೆದುಕೊಂಡ ಅಂಚು ಮಾತ್ರ ಎಳೆದರೂ ಹಿಂದಕ್ಕೆ ಹೋಗುವುದಿಲ್ಲ, ಕಿತ್ತು ಹೊಸದು ಹಾಕಬೇಕು ಎಂದರು.

ರೆಕ್ಸಿನ್ ಹಾಕಿ ಎಂದೆ. ಅಸಲಿ ಕಿತ್ತು ನಕಲಿ ಹಾಕಿಸುವ ಗಿರಾಕಿಯನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಮಾಮಾ ನಕ್ಕರು. ಬೇರೆ ದಾರಿ ಇಲ್ಲದೆ ಎಲ್ಲ ಹೇಳಿದೆ. ಒಂದು ವೇಳೆ ನಮ್ಮ ಅತ್ತೆ ಜೊತೆಗೆ ಬಂದರೆ ಅವರ ಮುಂದೆ ಚರ್ಮ, ಲೆದರ್ ಎಂಬ ಮಾತು ಬರಬಾರದು ಎಂದು ಕೇಳಿಕೊಂಡೆ. ಮಾಮಾ ನಗು ನಿಲ್ಲಿಸಿದರು. ತಮ್ಮ ಬಾಯಿಂದ ಬರುವುದಿಲ್ಲ ಎಂದು ಕೊರಳು ಮುಟ್ಟಿಕೊಂಡು ಹೇಳಿದರು.

ಅತ್ತೆ ಬರದಂತೆ ಮಾಡಬೇಕೆಂದೇ ನನ್ನ ಯೋಚನೆ. ಆದರೆ ಊರಿಗೆ ಹೋಗುವ ದಾರಿಯಲ್ಲೇ ಖಾನಾಪುರ. ಅಲ್ಲಿ ಕೆಲಸ ಮುಗಿಸಿಕೊಂಡು ಹಾಗೆಯೇ ಊರಿಗೆ ಹೋದರಾಯಿತು, ಎರಡೆರಡು ಸಲ ಯಾಕೆ ತಿರುಗುವುದು ಎಂದರು ಅತ್ತೆ. ಅದಕ್ಕೆ ಎದುರು ಹೇಳಲು ನನ್ನ ಬಳಿ ಒಂದು ಕಾರಣವೂ ಇರಲಿಲ್ಲ. ಹೊರಟ ದಿನ ಬೆಳಿಗ್ಗೆ ಅತ್ತೆ ಸೀಟಿನಲ್ಲಿ ಕುಳಿತು, ಕಾಲು ಚಾಚಿ, ಚೀಲವನ್ನು ಗುಳ್ಳೆಗಳ ಮೇಲೆ ಇಟ್ಟರು. ಅಂಟು ಹತ್ತಬಹುದು, ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದೆ. ತೊಡೆಯ ಮೇಲೆ ಇಟ್ಟರೆ ಮೊಣಕಾಲು ನೋಯುತ್ತದೆ ಎಂದರು. ದೇಸೂರು ದಾಟುವವರೆಗೂ ನಾನು ರಸ್ತೆಗಿಂತ ಹೆಚ್ಚಾಗಿ ಆ ಚೀಲವನ್ನೇ ನೋಡಿದೆ. ತಿರುವಿನಲ್ಲಿ ಅದು ಜಾರಿದಾಗ ಅತ್ತೆ ಕೈ ಚಾಚಿ ಹಿಡಿದು, "ಸಾವಕಾಶ ಹೊಡಿ ಯವ್ವಾ, ಏನ ಗಡಿಬಿಡಿ" ಎಂದರು.

ಅಂಗಡಿಯಲ್ಲಿ ಅತ್ತೆಯನ್ನು ಫೋಮಿನ ರಾಶಿಯ ಪಕ್ಕದ ಬೆಂಚಿನ ಮೇಲೆ ಕೂಡಿಸಿದರು. ಮಾಮಾ ಕಾರಿನೊಳಗೆ ಬಾಗಿ ಕೆಲಸ ಶುರು ಮಾಡಿದರು. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ಉತ್ಸಾಹ ಅವರಿಗೆ ಎಷ್ಟಿತ್ತೆಂದರೆ, ಕೇಳದಿದ್ದರೂ ಹೇಳತೊಡಗಿದರು. ಈ ಹಳೇ ರೆಕ್ಸಿನ್ ತೆಗೆಯುವುದು, ಆ ಹೊಸ ರೆಕ್ಸಿನ್ ಹಾಕುವುದು, ರೆಕ್ಸಿನ್ನಿಗೆ ರೆಕ್ಸಿನ್ನೇ ಆಗಬೇಕು ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ನಾನು ಕಣ್ಣು ಮಾಡಿದೆ. ಅವರು ಅದನ್ನು ಇನ್ನಷ್ಟು ಹೇಳು ಎಂದು ತಿಳಿದರು.

"ಎಷ್ಟ ಸಲ ಹೇಳ್ತಿಯೋ ಎಪ್ಪಾ," ಎಂದರು ಅತ್ತೆ, "ನನಗ ಮೊಣಕಾಲ ಅಷ್ಟ ಹೋಗ್ಯಾವ, ಕಿವಿ ಹೋಗಿಲ್ಲ."

ಹೊದಿಕೆ ಸುಲಿದು ಬರುವಾಗ ಬಟ್ಟೆ ಹರಿದ ಸದ್ದಿರಲಿಲ್ಲ. ಚರ್‍ರ್ ಎಂದು ನಿಧಾನವಾಗಿ ಬಂತು. ಒಳಮೈ ಬೂದು ಬಣ್ಣ, ನವಿರಾದ ಎಳೆಗಳಿದ್ದವು. ಮಾಮಾ ಅದನ್ನು ಅತ್ತೆಗೆ ಕಾಣದಂತೆ ಮಡಚಿ ಹೊಲಿಗೆ ಯಂತ್ರದ ಕೆಳಗೆ ಹಾಕಿದರು. ಆದರೂ ಒಂದು ತುದಿ ಹೊರಗಿತ್ತು. ಸ್ಟಿಯರಿಂಗಿನ ಎಡಕ್ಕೆ ಇರುತ್ತಿದ್ದ ಭಾಗ. ರೈಲ್ವೆ ಗೇಟಿನಲ್ಲಿ, ಸಿಗ್ನಲ್ಲಿನಲ್ಲಿ ಕಾಯುವಾಗ ನಮ್ಮ ಮನೆಯವರು ಅಂಗೈ ಊರಿಕೊಂಡಿರುತ್ತಿದ್ದ ಜಾಗ ಕಪ್ಪಗೆ, ನುಣುಪಾಗಿತ್ತು. ಅಷ್ಟನ್ನು ಕತ್ತರಿಸಿ ಕೊಡಿ ಎಂದು ಕೇಳಬೇಕೆನಿಸಿತು. ಕೇಳಿ ತಂದರೆ ಎಲ್ಲಿ ಇಡುವುದು? ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಟಯರ್ ಅಂಗಡಿಯವನು ಕತ್ತರಿ ಕೇಳಲು ಬಂದ. ಯಂತ್ರದ ಕೆಳಗಿನದನ್ನು ಎಳೆದು, ಬೆರಳಲ್ಲಿ ತಿಕ್ಕಿ ನೋಡಿ, ಇದನ್ನು ಯಾಕೆ ಕಿತ್ತೆ ಎಂದು ಕನ್ನಡದಲ್ಲೇ ಕೇಳಿದ. ಮಾಮಾ ಗಾಬರಿಯಾಗಿ ಬೆಂಚಿನ ಕಡೆ ನೋಡಿದರು. ಬೀಡಿ ಕಡೆಯ ಕನ್ನಡದ ಮುದುಕಿ ಎಂದು ಅವರ ಲೆಕ್ಕ. ಗುಟ್ಟು ಉಳಿಯಲೆಂದು ಮರಾಠಿಗೆ ಹೊರಳಿ, ದನಿ ತಗ್ಗಿಸಿದರು.

"ಅಸ್ಸಲ ಕಾತಡಂ ಹಾಯ ರೇ. ಮ್ಹಾತಾರೀಲಾ ಸಾಂಗೂ ನಕೋ."

ಅಸಲಿ ಚರ್ಮ ಇದು, ಮುದುಕಿಗೆ ಹೇಳಬೇಡ.

ಅತ್ತೆಯ ತವರು ಖಾನಾಪುರದ ಆಚೆ, ಮರಾಠಿ ಮಾತಾಡುವ ಊರು. ಮದುವೆಯಾಗಿ ನಮ್ಮ ಮನೆಗೆ ಬರುವವರೆಗೆ ಅವರಿಗೆ ಕನ್ನಡವೇ ಸರಿಯಾಗಿ ಬರುತ್ತಿರಲಿಲ್ಲ. ಈಗಲೂ ಎಣಿಕೆ ಮಾಡುವುದು ಮರಾಠಿಯಲ್ಲೇ. ಏನೇನು ಅನ್ನಬಾರದು ಎಂದು ಮಾಮಾನಿಗೆ ಹೇಳಿದ್ದ ನನಗೆ, ಯಾವ ಭಾಷೆಯಲ್ಲೂ ಅನ್ನಬಾರದು ಎಂದು ಹೇಳಬೇಕೆಂದು ಹೊಳೆದಿರಲಿಲ್ಲ.

ನಾನು ಅತ್ತೆಯ ಮುಖ ನೋಡಲಿಲ್ಲ. ಕೈ ನೋಡಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಟಯರಿನವನು ಕತ್ತರಿ ತೆಗೆದುಕೊಂಡು ಹೋದ. ಮಾಮಾ ನನ್ನ ಕಡೆ ನೋಡಿ, ಎಲ್ಲ ಸರಿಹೋಯಿತು ಎಂಬಂತೆ ತಲೆ ಆಡಿಸಿದರು. ಆಮೇಲೆ ಸಲೂಷನ್ ಬಳಿಯುವುದು, ಅದು ಅರ್ಧ ಒಣಗಲು ಕಾಯುವುದು, ರೆಕ್ಸಿನ್ನನ್ನು ಅಂಚಿನಿಂದ ಅಂಚಿಗೆ ಎಳೆದು ಕೂರಿಸುವುದು. ಅತ್ತೆಗೆ ಸಿಟ್ಟು ಬಂದಿದ್ದರೆ ಬಯ್ಯಲಿ ಎಂದು ಕಾದೆ. ಇಲ್ಲಿಂದಲೇ ಮನೆಗೆ ನಡಿ ಎನ್ನುತ್ತಾರೆಂದು ಕಾದೆ. ಈ ಗಾಡಿ ಹತ್ತುವುದಿಲ್ಲ ಎಂದರೆ ಇಲ್ಲಿ ಯಾವ ಜೀಪು ಸಿಗುತ್ತದೆ ಎಂದು ರಸ್ತೆಯ ಕಡೆ ನೋಡಿದೆ.

ಕೆಲಸ ಮುಗಿದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ಕಾರಿನ ಹತ್ತಿರ ಬಂದು ಮಾಮಾನನ್ನು ಮರಾಠಿಯಲ್ಲಿ, ಅದೂ ತವರಿನ ಹಳೆಯ ಮರಾಠಿಯಲ್ಲಿ ಕೇಳಿದರು, "ಝಾಲಂ ಕಾ ಬಾಬಾ?" ಆಯಿತೇನಪ್ಪಾ ಎಂದು. ಮಾಮಾನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಅವರು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೈ ಮುಗಿದರು. ಅತ್ತೆ ಹೊಸ ಹೊದಿಕೆಯ ಹತ್ತಿರ ಮೂಗು ಒಯ್ದು ವಾಸನೆ ನೋಡಿದರು. ಆಮೇಲೆ ಸೀಟಿನಲ್ಲಿ ಕುಳಿತರು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಮಲಪ್ರಭೆಯ ಸೇತುವೆ ದಾಟಿದೆವು. ಹೊಳೆಯಲ್ಲಿ ನೀರು ಇನ್ನೂ ಕೆಂಪಗಿತ್ತು. ಹೊಸ ಸಲೂಷನ್ನಿನ ವಾಸನೆಗೆ ತಲೆ ನೋಯುತ್ತಿತ್ತು. ಸೇತುವೆ ಹಿಂದಾದ ಮೇಲೆ ಅತ್ತೆ ಮುಂದೆಯೇ ನೋಡುತ್ತ ಕೇಳಿದರು.

"ಅಂವಗ ಗೊತ್ತಿತ್ತೇನು?"

ನಾನು ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಗೊತ್ತಿರಲಿಲ್ಲ ಎನ್ನಬೇಕು, ಗಟ್ಟಿಯಾಗಿ ಎನ್ನಬೇಕು ಎಂದು ಎಷ್ಟೋ ದಿನ ಒಲೆಯ ಮುಂದೆ ಹೇಳಿ ನೋಡಿಕೊಂಡಿದ್ದೆ. ಗಾಡಿಯನ್ನು ಬದಿಗೆ ನಿಲ್ಲಿಸಿದೆ.

"ನನಗೂ ಗೊತ್ತಿಲ್ರಿ ಅತ್ತಿ. ಕೇಳಾಕ ಅವರು ಇಲ್ಲ."

ಶೋರೂಮಿನವನು ಹೇಳಿದ್ದು, ಗೆಳೆಯರು ಹೇಳಿದ ಹೂಂ, ಲೆದರ್ ಸೋಫಾ, ಎಲ್ಲವನ್ನೂ ಹೇಳಿದೆ. ಅತ್ತೆ ಕೇಳಿಸಿಕೊಂಡರು. ಸೋಫಾದ ಮಾತು ಬಂದಾಗ, ಹೌದು, ಹಂಗ ಅಂತಿದ್ದ ಎಂದರು. ಆಮೇಲೆ, ನನ್ನ ಕೂಡಿಸಿಕೊಂಡು ಹೋಗಬೇಕಂತ ಅಂದಿದ್ನೋ ಏನೋ ಎಂದರು. ಎರಡರಲ್ಲಿ ಯಾವುದನ್ನು ನಂಬಿದರೋ ಅವರ ಮುಖದಿಂದ ಗೊತ್ತಾಗಲಿಲ್ಲ. ನಡಿ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು ಎಂದರು.

ಮರುದಿನ ಪೂಜೆಯಾಯಿತು. ಅದಾದ ಮೇಲೆ ಅತ್ತೆ ಪಂಡಿತರ ಎದುರು ನಿಂತು ನೇಮ ಕೊಡಿ ಎಂದರು. ತಪ್ಪಾಗಿದ್ದರೆ ಏನನ್ನಾದರೂ ಬಿಡುತ್ತೇನೆಂದು ನೇಮ ತೆಗೆದುಕೊಳ್ಳುವುದು ನಮ್ಮಲ್ಲಿ ಇರುವುದೇ. ತಿಳಿಯದೆ ಪೂಜೆಯ ಸಾಮಾನನ್ನು ಚರ್ಮದ ಮೇಲೆ ಇಟ್ಟಿದ್ದೇನೆ, ಅದಕ್ಕೆ ತುಪ್ಪ ಬಿಡುತ್ತೇನೆ ಎಂದರು. ಪಂಡಿತರು ಹೂಂ ಎಂದರು. ಅತ್ತೆ ಅಲ್ಲಿಂದ ಕದಲಲಿಲ್ಲ. ಮಗ ತಿಳಿದು ಮಾಡಿದ್ದರೆ ಅವನ ಪಾಲಿಗೆ ಬೆಲ್ಲ ಬಿಡುತ್ತೇನೆ ಎಂದರು.

ಪಂಡಿತರು ವಯಸ್ಸಾದವರು, ನಮ್ಮ ಮನೆಯವರನ್ನು ಚಿಕ್ಕಂದಿನಿಂದ ನೋಡಿದವರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಳೆಯಲಿಕ್ಕೆ ಬರುವುದಿಲ್ಲ, ತಾಯಿಯಾದರೂ ಬರುವುದಿಲ್ಲ, ನಿಮಗೆ ಗೊತ್ತಿಲ್ಲದ್ದೇನಲ್ಲ ಎಂದು ಮೆಲ್ಲಗೆ ಹೇಳಿದರು.

"ಗೊತ್ತೈತ್ರಿ," ಎಂದರು ಅತ್ತೆ. "ನನ್ನ ಹೆಸರಲೇ ಕೊಡ್ರಿ. ಎರಡೂ."

ಪಂಡಿತರು ಎರಡನ್ನೂ ಕೊಟ್ಟರು.

ಅತ್ತೆ ಇರುವವರೆಗೆ ತುಪ್ಪ ಮುಟ್ಟಲಿಲ್ಲ, ಬೆಲ್ಲ ಮುಟ್ಟಲಿಲ್ಲ. ಹಬ್ಬದ ದಿನ ಅವರ ಎಲೆಗೆ ಹೋಳಿಗೆಯ ಬದಲು ಚಪಾತಿ ಬಡಿಸುತ್ತಿದ್ದೆ. ಯಾಕೆ ಎಂದು ಬಂದವರು ಕೇಳಿದರೆ, ನೇಮ ಐತಿ ಎನ್ನುತ್ತಿದ್ದರು, ಅದರಾಚೆ ಹೇಳುತ್ತಿರಲಿಲ್ಲ. ತುಪ್ಪ ಬಿಟ್ಟು ಬಡಿಸುವುದು ನನಗೆ ಬೇಗ ರೂಢಿಯಾಯಿತು. ಬೆಲ್ಲದ ಡಬ್ಬಿ ಮುಚ್ಚುವಾಗ ಮಾತ್ರ ಕೈ ಪ್ರತಿ ಸಲ ನಿಲ್ಲುತ್ತಿತ್ತು.

ಈಗ ನಾನೂ ಬೆಲ್ಲ ತಿನ್ನುವುದಿಲ್ಲ. ಆದರೆ ನೇಮ ತೆಗೆದುಕೊಂಡಿಲ್ಲ. ತೆಗೆದುಕೊಂಡರೆ ನಮ್ಮ ಮನೆಯವರಿಗೆ ಗೊತ್ತಿತ್ತು ಎಂದು ನಾನು ಒಪ್ಪಿದಂತೆ. ತಿಂದರೆ, ಗೊತ್ತಿರಲಿಲ್ಲ ಎಂದು ಖಾತ್ರಿ ಇದ್ದವಳಂತೆ. ಎರಡೂ ನನ್ನಿಂದ ಆಗಿಲ್ಲ.